ಹಾಡಿದ್ದು ಒಂದು ಗಂಟೆ, ಮುಗಿಸಿದ್ದು ಮೂರು ವಾರ

ಪ್ರಶ್ನೆ: ನಾನು ಹೊಸನಗರದ ಕಡೆಯವನು. ಮನೆಯ ಮಾಳಿಗೆಯ ಕೋಣೆಯಲ್ಲೇ ಸಣ್ಣದಾಗಿ ರೆಕಾರ್ಡಿಂಗ್ ಮಾಡುತ್ತೇನೆ. ಮಳೆಗಾಲದಲ್ಲಿ ತಾಳಮದ್ದಳೆ, ಉಳಿದ ದಿನಗಳಲ್ಲಿ ಭಾವಗೀತೆ, ದೇವರನಾಮ. ರೀಪರ್ ತಂತ್ರಾಂಶ, 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಎರಡು ಮೈಕ್ ಹಾಕಬಹುದಾದ ಇಂಟರ್ಫೇಸ್ ಇದೆ. ಹಾಡಿದ್ದು ಒಂದು ಗಂಟೆಯಾದರೆ ಅದನ್ನು ಮುಗಿಸಲು ಮೂರು ವಾರ ಹಿಡಿಯುತ್ತದೆ. ನಡುನಡುವೆ ಚಟಪಟ ಸದ್ದು ಬರುತ್ತದೆ, ಕರೆಂಟ್ ಹೋದರೆ ಅದು ಬೇರೆ ಕಷ್ಟ. ಹೊಸ ಲ್ಯಾಪ್‌ಟಾಪ್ ತಗೊಳ್ಳಲಾ, ಬೇರೆ ತಂತ್ರಾಂಶಕ್ಕೆ ಹೋಗಲಾ? ಬೇಗ ಮುಗಿಸುವವರು ಹೇಗೆ ಮುಗಿಸುತ್ತಾರೆ?

ಉತ್ತರ: ಎರಡೂ ಸದ್ಯಕ್ಕೆ ಬೇಡ. ನಿಮ್ಮ ಪತ್ರದ ಒಂದು ಸಾಲನ್ನು ನಾನು ಎರಡು ಸಲ ಓದಿದೆ: ಹಾಡಿದ್ದು ಒಂದು ಗಂಟೆ, ಮುಗಿಸಲು ಮೂರು ವಾರ. ಆ ಮೂರು ವಾರದಲ್ಲಿ ಲ್ಯಾಪ್‌ಟಾಪ್ ತಡವರಿಸಿದ್ದಕ್ಕೆ ಹೋದ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ಸಂಜೆ ಆಗಲಿಕ್ಕಿಲ್ಲ. ಮಿಕ್ಕಿದ್ದೆಲ್ಲ ತೀರ್ಮಾನ ಮಾಡದೆ ಬಿಟ್ಟ ಸಂಗತಿಗಳಿಗೆ ಹೋಗಿದೆ. ಮೂರನೇ ಟೇಕ್ (ಒಂದು ಸಲ ಹಾಡಿ ಹಿಡಿದದ್ದು) ಇರಲೋ ಐದನೆಯದೋ, ಆಮೇಲೆ ನೋಡೋಣ. ಕೊಳಲಿಗೆ ರಿವರ್ಬ್ (ಕೋಣೆಯಲ್ಲಿ ಮೊಳಗಿದಂಥ ಅನುರಣನ) ಎಷ್ಟು, ನಾಳೆ ನೋಡೋಣ. ನಾಳೆ ಬಂದು ಕೂತಾಗ ಎಲ್ಲವನ್ನೂ ಮೊದಲಿಂದ ಕೇಳಬೇಕು. ಕೇಳುತ್ತಾ ಕೇಳುತ್ತಾ ನಿನ್ನೆ ಸರಿ ಇದ್ದದ್ದನ್ನೂ ಕೈ ಮುಟ್ಟುತ್ತದೆ. ಶಿವಮೊಗ್ಗದಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಂಡುಕೊಂಡದ್ದು ಇದು: ಬೇಗ ಮುಗಿಸುವವರ ಕೈ ನಮ್ಮದಕ್ಕಿಂತ ಜೋರಾಗಿ ಓಡುವುದಿಲ್ಲ. ಅವರು ಒಂದು ತೀರ್ಮಾನವನ್ನು ಒಂದೇ ಸಲ ಮಾಡುತ್ತಾರೆ.

ನಿಮ್ಮೂರಲ್ಲಿ ಅಡಿಕೆ ಸುಲಿಯುವವರನ್ನು ನೋಡಿರುತ್ತೀರಿ. ಮೆಟ್ಟುಗತ್ತಿಯ ಮುಂದೆ ಕೂರುವ ಮೊದಲೇ ಕಾಯಿಯ ರಾಶಿ ಒಂದು ಕೈಗೆ ಎಟುಕುವ ಹಾಗೆ, ಬುಟ್ಟಿ ಇನ್ನೊಂದು ಕೈಗೆ ಎಟುಕುವ ಹಾಗೆ ಇಟ್ಟುಕೊಂಡಿರುತ್ತಾರೆ. ಹಣ್ಣಾದದ್ದು ಕೈಗೆ ಬಂದರೆ ಅದು ಕೈಯಲ್ಲಿರುವಾಗಲೇ ಬೇರೆ ಬುಟ್ಟಿಗೆ ಹೋಗುತ್ತದೆ. ಆಮೇಲೆ ಆರಿಸೋಣ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ರಾತ್ರಿ ಇಡೀ ಬುಟ್ಟಿಯನ್ನು ಮತ್ತೆ ಸುರಿಯಬೇಕು. ನೀವು ಮೂರು ವಾರದಿಂದ ಮಾಡುತ್ತಿರುವುದು ಬುಟ್ಟಿ ಸುರಿಯುವ ಕೆಲಸ.

ಕೂರುವ ಮೊದಲು ಇಟ್ಟುಕೊಳ್ಳುವುದರಿಂದ ಶುರು ಮಾಡೋಣ. ರೀಪರ್ ತೆರೆದ ಕೂಡಲೇ ಬರುವ ಖಾಲಿ ಪರದೆ ಪ್ರತಿ ಸಲವೂ ನಿಮ್ಮನ್ನು ಇಪ್ಪತ್ತು ಪ್ರಶ್ನೆ ಕೇಳುತ್ತದೆ. ಎಷ್ಟು ಟ್ರ್ಯಾಕ್ (ಒಂದೊಂದು ಧ್ವನಿಗೆ ಒಂದೊಂದು ಸಾಲು), ಯಾವುದಕ್ಕೆ ಯಾವ ಇನ್‌ಪುಟ್, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕು) ಎಷ್ಟು, ಫೈಲು ಎಲ್ಲಿ ಉಳಿಯಬೇಕು. ಒಂದು ಭಾನುವಾರ ಕೂತು ಇವಕ್ಕೆಲ್ಲ ಕೊನೆಯ ಉತ್ತರ ಕೊಟ್ಟುಬಿಡಿ. ತಾಳಮದ್ದಳೆಗೆ ಒಂದು ಟೆಂಪ್ಲೇಟ್, ಹಾಡಿಗೆ ಒಂದು ಟೆಂಪ್ಲೇಟ್. ಹಾಡಿನದರಲ್ಲಿ ಶ್ರುತಿ, ಗಾಯನ, ಸಹಗಾಯನ, ಹಾರ್ಮೋನಿಯಂ, ಕೊಳಲು, ತಬಲಾ ಎಂದು ಹೆಸರಿಟ್ಟ ಟ್ರ್ಯಾಕ್‌ಗಳು ಮೊದಲೇ ಸಾಲಾಗಿ ಕೂತಿರಲಿ. ಬಣ್ಣವೂ ಕಾಯಂ ಇರಲಿ. ನನ್ನಲ್ಲಿ ಗಾಯನ ಯಾವತ್ತೂ ಕೆಂಪು, ತಾಳವಾದ್ಯ ಯಾವತ್ತೂ ಹಳದಿ. ಹತ್ತು ವರ್ಷ ಹಿಂದಿನ ಪ್ರಾಜೆಕ್ಟ್ ತೆರೆದರೂ ಕಣ್ಣು ಹುಡುಕುವುದಿಲ್ಲ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, 24 ಬಿಟ್. ಇದನ್ನು ಪ್ರಾಜೆಕ್ಟ್ ಟೆಂಪ್ಲೇಟ್ ಆಗಿ ಉಳಿಸಿ. ಪ್ರಿಫರೆನ್ಸಸ್ ಒಳಗಿನ ಪ್ರಾಜೆಕ್ಟ್ ಪುಟದಲ್ಲಿ ಇದನ್ನೇ ಹೊಸ ಪ್ರಾಜೆಕ್ಟಿನ ಮೂಲ ಎಂದು ತೋರಿಸಿದರೆ ಮುಂದೆ ಖಾಲಿ ಪರದೆ ಕಾಣುವುದೇ ಇಲ್ಲ.

ಹೆಸರನ್ನು ರೆಕಾರ್ಡ್ ಒತ್ತುವ ಮೊದಲೇ ಇಡಬೇಕು, ಆಮೇಲೆ ಅಲ್ಲ. ರೀಪರ್ ಟ್ರ್ಯಾಕಿನ ಹೆಸರನ್ನೇ ಧ್ವನಿ ಫೈಲಿಗೂ ಕೊಡುತ್ತದೆ. ಹೆಸರಿಲ್ಲದೆ ಒತ್ತಿದರೆ ಆರು ತಿಂಗಳ ನಂತರ ಫೋಲ್ಡರಿನಲ್ಲಿ ಬರೀ ಅಂಕಿಗಳ ಸಾಲು ಇರುತ್ತದೆ, ಭಾಗವತರದ್ದು ಯಾವುದು ಮದ್ದಳೆಯದ್ದು ಯಾವುದು ಎಂದು ಒಂದೊಂದನ್ನೇ ನುಡಿಸಿ ನೋಡಬೇಕು. ಫೋಲ್ಡರಿನ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರುವಾಗಲಿ, ಆಮೇಲೆ ಹಾಡು, ಶ್ರುತಿ. ವರ್ಷ ಮೊದಲು ಬಂದರೆ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸಿ ಕೊಡುತ್ತದೆ. ‘ಫೈನಲ್’ ಎಂಬ ಪದವನ್ನು ಫೈಲಿನ ಹೆಸರಿನಲ್ಲಿ ಬಳಸಲೇಬೇಡಿ. ಫೈಲ್ ಮೆನುವಿನಲ್ಲಿ ಹೊಸ ಆವೃತ್ತಿಯಾಗಿ ಉಳಿಸುವ ಸೌಲಭ್ಯವಿದೆ, ಕೊನೆಯ ಅಂಕಿಯನ್ನು ಅದೇ ಏರಿಸಿಕೊಂಡು ಹೋಗುತ್ತದೆ. ರೀಪರ್‌ನ ಪ್ರಾಜೆಕ್ಟ್ ಫೈಲು ಬರೀ ಪಠ್ಯ, ಧ್ವನಿಯ ಮುಂದೆ ಅದರ ಗಾತ್ರ ಏನೇನೂ ಅಲ್ಲ. ನಲವತ್ತು ಆವೃತ್ತಿ ಇಟ್ಟರೂ ಜಾಗದ ಚಿಂತೆಯಿಲ್ಲ.

ಇನ್ನು ಆ ಚಟಪಟ ಸದ್ದು. ಹೊಸ ಲ್ಯಾಪ್‌ಟಾಪ್ ಬೇಕೇನೋ ಎಂದು ನಿಮಗೆ ಅನ್ನಿಸಿದ್ದು ಇದರಿಂದಲೇ ಇರಬೇಕು. ಕಂಪ್ಯೂಟರ್ ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ತಗೊಂಡು ಲೆಕ್ಕ ಮಾಡಿ ಹೊರಗೆ ಕೊಡುತ್ತದೆ. ಆ ಕಂತಿನ ಗಾತ್ರವೇ ಬಫರ್. ಕಂತು ಸಣ್ಣದಾದರೆ ಧ್ವನಿ ತಡವಿಲ್ಲದೆ ಕಿವಿಗೆ ಬರುತ್ತದೆ, ಆದರೆ ಪ್ರೊಸೆಸರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಒಂದು ಕಂತು ತಪ್ಪಿದರೂ ‘ಚಟ್’ ಎನ್ನುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡ್, 1024 ಎಂದರೆ 21 ಮಿಲಿಸೆಕೆಂಡ್. ಒಳಗೆ ಬರಲು ಒಂದು ಕಂತು, ಹೊರಗೆ ಹೋಗಲು ಒಂದು ಕಂತು. ಅಲ್ಲಿಗೆ 42 ಮಿಲಿಸೆಕೆಂಡಿನ ಮೇಲೆಯೇ ಆಯಿತು. ಶಬ್ದ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ 1024ರಲ್ಲಿ ಹಾಡುವವರಿಗೆ ತಮ್ಮದೇ ಧ್ವನಿ ಹದಿನಾಲ್ಕು ಮೀಟರ್ ಆಚೆಯಿಂದ, ಅಂಗಳದ ಕೊನೆಯಿಂದ ಬಂದಂತೆ ಕೇಳುತ್ತದೆ. ಲಯ ಹೇಗೆ ನಿಲ್ಲಬೇಕು?

ಹಾಗಾಗಿ ಹಾಡಿಸುವಾಗ 128, ಮಿಕ್ಸ್ ಮಾಡುವಾಗ 1024. ಈ ಎರಡೇ ಅಂಕಿ ನೆನಪಿಟ್ಟುಕೊಳ್ಳಿ, ನಡುವಿನ ಪ್ರಯೋಗ ಬೇಡ. ನಿಮ್ಮ ಇಂಟರ್ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಇನ್ನೂ ಸುಲಭ: ಧ್ವನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನಿಗೆ ಸಿಗುತ್ತದೆ, ಆಗ ಬಫರ್ ದೊಡ್ಡದೇ ಇರಲಿ. ಇಂಟರ್ಫೇಸಿನ ಜೊತೆ ಬಂದ ಅಸಿಯೋ (ASIO) ಡ್ರೈವರನ್ನೇ, ಅಂದರೆ ಧ್ವನಿಯನ್ನು ಹೆಚ್ಚು ತಡವಿಲ್ಲದೆ ಸಾಗಿಸುವ ತಂತ್ರಾಂಶವನ್ನೇ ಬಳಸಿ. ಚಾರ್ಜರ್ ಹಾಕಿ, ವಿಂಡೋಸ್‌ನ ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ತನ್ನಿ, ವೈಫೈ ಮತ್ತು ಬ್ರೌಸರ್ ಮುಚ್ಚಿ. ಎಂಟು ಟ್ರ್ಯಾಕಿಗೆ ಎಂಟು ರಿವರ್ಬ್ ಹಾಕಿದ್ದರೆ ಎಲ್ಲವನ್ನೂ ತೆಗೆದು ಒಂದೇ ರಿವರ್ಬ್ ಟ್ರ್ಯಾಕ್ ಮಾಡಿ, ಉಳಿದವುಗಳಿಂದ ಅದಕ್ಕೆ ಸೆಂಡ್ ಕೊಡಿ, ಅಂದರೆ ಧ್ವನಿಯ ಒಂದು ಪಾಲನ್ನು ಅಲ್ಲಿಗೂ ಕಳಿಸಿ. ಪ್ರೊಸೆಸರಿನ ಹೊರೆ ಇಳಿಯುವುದಷ್ಟೇ ಅಲ್ಲ, ಎಲ್ಲರೂ ಒಂದೇ ಜಗಲಿಯಲ್ಲಿ ಕೂತು ನುಡಿಸಿದ ಹಾಗೆ ಕೇಳುತ್ತದೆ. ಭಾರವಾದ ವಾದ್ಯದ ಪ್ಲಗಿನ್ (ರೀಪರ್ ಒಳಗೆ ಸೇರಿಸುವ ಪುಟ್ಟ ತಂತ್ರಾಂಶ) ಇದ್ದ ಟ್ರ್ಯಾಕನ್ನು ಫ್ರೀಜ್ ಮಾಡಿಬಿಡಿ. ಅದು ಧ್ವನಿ ಫೈಲಾಗಿ ಬದಲಾಗುತ್ತದೆ, ಬೇಕಾದಾಗ ಮತ್ತೆ ಬಿಚ್ಚಬಹುದು. ಇಷ್ಟು ಮಾಡಿದರೆ 8 ಜಿಬಿಯ ಲ್ಯಾಪ್‌ಟಾಪ್ ನಿಮ್ಮ ಹಾಡಿಗೆ ಸಾಕು.

ಈಗ ತಾಳಮದ್ದಳೆಗೆ ಬರುತ್ತೇನೆ. ನಿಮ್ಮ ಹೊತ್ತು ಅತಿ ಹೆಚ್ಚು ಉಳಿಯುವುದು ಇಲ್ಲೇ. ಮೂರು ಗಂಟೆಯ ಪ್ರಸಂಗ ಎಂದುಕೊಳ್ಳಿ. ಮೈಕ್‌ಸೆಟ್‌ನವರ ಮಿಕ್ಸರಿನಿಂದ ಒಂದು ಗೆರೆ (ಧ್ವನಿಯ ತಂತಿ), ಜಗಲಿಯಲ್ಲಿ ಇಟ್ಟ ನಿಮ್ಮದೇ ಮೈಕಿನಿಂದ ಇನ್ನೊಂದು. ಕೂರುವ ಮೊದಲು ಚೆಂಡೆಯವರಿಗೆ ಏರುಪದ್ಯದ ಒಂದೆರಡು ಆವರ್ತ ಬಾರಿಸಲು ಹೇಳಿ, ಆಗ ಮೀಟರಿನ ತುದಿ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ (ಒಳಬರುವ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಇಡಿ. ‘ಟೆಸ್ಟಿಂಗ್’ ಎಂದು ಮಾತಾಡಿ ಇಟ್ಟ ಗೇನು ಚೆಂಡೆಯ ಮೊದಲ ಪೆಟ್ಟಿಗೇ ಒಡೆದುಹೋಗುತ್ತದೆ, ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಮೊದಲಿನಂತೆ ಮಾಡಿಕೊಡದು. 24 ಬಿಟ್‌ನಲ್ಲಿ ಕೆಳಗೆ ಜಾಗ ಧಾರಾಳ ಇದೆ, ಕಡಿಮೆ ಮಟ್ಟಕ್ಕೆ ಹೆದರಬೇಡಿ.

ರೆಕಾರ್ಡ್ ಶುರುವಾದ ಮೇಲೆ ಸುಮ್ಮನೆ ಕೂತು ಕೇಳಬೇಡಿ. ಕೀಬೋರ್ಡಿನ ಎಮ್ ಕೀಲಿಯ ಮೇಲೆ ಬೆರಳಿರಲಿ. ಭಾಗವತರು ಪದ್ಯ ಎತ್ತಿದ ಕ್ಷಣ ಒಂದು ಸಲ ಒತ್ತಿ. ಪದ್ಯ ಮುಗಿದು ಅರ್ಥಧಾರಿ ಬಾಯಿ ತೆರೆದಾಗ ಇನ್ನೊಂದು ಸಲ. ರೆಕಾರ್ಡಿಂಗ್ ನಿಲ್ಲುವುದಿಲ್ಲ, ಪರದೆಯ ಮೇಲ್ತುದಿಯ ಕಾಲದ ಗೆರೆಯ ಮೇಲೆ ಅಂಕಿ ಬಿದ್ದ ಗುರುತು ಬರುತ್ತದೆ, ಅಷ್ಟೆ. ಮೊದಲ ಗುರುತು ಪದ್ಯದ್ದಾದರೆ ಬೆಸ ಅಂಕಿಗಳೆಲ್ಲ ಪದ್ಯ, ಸರಿ ಅಂಕಿಗಳೆಲ್ಲ ಅರ್ಥ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಬೆಸ ಅಂಕಿಯ ಎದುರು ಪದ್ಯದ ಮೊದಲ ಪದ, ರಾಗ, ತಾಳ ಬರೆಯಿರಿ. ಒಂದು ಗುರುತು ಕೈತಪ್ಪಿದರೆ ಅದನ್ನೂ ಬರೆಯಿರಿ, ಇಲ್ಲದಿದ್ದರೆ ಅಲ್ಲಿಂದಾಚೆ ಬೆಸ ಸರಿ ಎಲ್ಲ ಅದಲುಬದಲಾಗುತ್ತದೆ. ಭಾಗವತರು ಪದ್ಯ ಎತ್ತುವ ಗಳಿಗೆ ನಿಮಗೆ ಅಲ್ಲೇ ಗೊತ್ತಾಗುತ್ತದೆ. ಮನೆಗೆ ಬಂದು ಅದನ್ನೇ ಹುಡುಕಬೇಕೆಂದರೆ ಮೂರು ಗಂಟೆಯನ್ನು ಮತ್ತೆ ಮೂರು ಗಂಟೆ ಕೂತು ಕೇಳಬೇಕು.

ಮನೆಗೆ ಬಂದ ಮೇಲೆ ಮೊದಲು ಆ ಎರಡು ಗೆರೆಗಳನ್ನು ಹದವಾಗಿ ಬೆರೆಸಿ ಒಂದೇ ಟ್ರ್ಯಾಕಿಗೆ ರೆಂಡರ್ ಮಾಡಿ, ಅಂದರೆ ಒಂದು ಹೊಸ ಧ್ವನಿ ಫೈಲಾಗಿ ಇಳಿಸಿ. ಆಮೇಲೆ ಬಲಗಡೆಯ ಚೌಕ ಆವರಣದ ಕೀಲಿ ಒತ್ತಿದರೆ ಮುಂದಿನ ಗುರುತಿಗೆ ಹಾರುತ್ತದೆ, ಎಸ್ ಒತ್ತಿದರೆ ಅಲ್ಲಿ ಕತ್ತರಿಸುತ್ತದೆ. ಹಾರು, ಕತ್ತರಿಸು. ಅರವತ್ತು ಪದ್ಯ ಇದ್ದರೆ ನೂರಿಪ್ಪತ್ತು ಕತ್ತರಿ, ಚಹಾ ಆರುವುದರೊಳಗೆ ಮುಗಿಯುತ್ತದೆ. ಕತ್ತರಿಸಿದ ಮೇಲೆ ಅರ್ಥದ ತುಂಡುಗಳನ್ನೆಲ್ಲ ಜಾಗ ಕದಲದಂತೆ ಕೆಳಗಿನ ಟ್ರ್ಯಾಕಿಗೆ ಇಳಿಸಿ. ಈಗ ಮೇಲೆ ಪದ್ಯ, ಕೆಳಗೆ ಅರ್ಥ. ಅರ್ಥದ ಟ್ರ್ಯಾಕಿಗೆ ಒಂದು ಕಂಪ್ರೆಸರ್ (ಜೋರು ದನಿ, ಮೆಲುದನಿಗಳ ಅಂತರ ತಗ್ಗಿಸುವ ಪ್ಲಗಿನ್) ಹಾಕಿ, ಮೂರಕ್ಕೆ ಒಂದರ ಪ್ರಮಾಣ ಸಾಕು. 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯಿರಿ, ಮಟ್ಟ ಎತ್ತರಿಸಿ. ಪದ್ಯದ ಟ್ರ್ಯಾಕನ್ನು ಹೆಚ್ಚು ಮುಟ್ಟಬೇಡಿ, ಚೆಂಡೆಯ ಏಟಿಗೆ ಇರುವ ಜೀವ ಹಾಗೇ ಇರಲಿ. ಮೊದಲಾಗಿದ್ದರೆ ಪದ್ಯ ಬಂದಾಗಲೆಲ್ಲ ತಗ್ಗಿಸಿ, ಮಾತು ಬಂದಾಗಲೆಲ್ಲ ಎತ್ತರಿಸಿ, ನೂರಿಪ್ಪತ್ತು ಸಲ ಫೇಡರ್ (ಮಟ್ಟದ ಜಾರುಗುಂಡಿ) ಎಳೆಯುತ್ತಿದ್ದಿರಿ. ಈಗ ಎರಡು ತೀರ್ಮಾನ ಮಾತ್ರ. ನಾನು ಈ ಉಪಾಯ ಕಂಡುಕೊಂಡ ಮೇಲೆ ಒಂದು ಪ್ರಸಂಗ ಒಂದೇ ದಿನದಲ್ಲಿ ಕೇಳುವ ಹಾಗಾಗುತ್ತದೆ.

ಭಾವಗೀತೆಯ ಕಥೆ ಬೇರೆ. ಅಲ್ಲಿ ಹೊತ್ತು ತಿನ್ನುವುದು ಟೇಕ್‌ಗಳು. ಹಾರ್ಡ್‌ಡಿಸ್ಕಿನಲ್ಲಿ ಜಾಗ ಇದೆ ಎಂದು ಹದಿನೈದು ಸಲ ಹಾಡಿಸುತ್ತೇವೆ, ಆಮೇಲೆ ಹದಿನೈದನ್ನೂ ಕೇಳಬೇಕು. ಐದನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹೇಗಿತ್ತು ಎಂದು ಕಿವಿ ಮರೆತಿರುತ್ತದೆ. 1979ರಲ್ಲಿ ಟಾಸ್ಕ್ಯಾಮ್ ಕಂಪನಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ ತಂದಾಗ ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಸಿಕ್ಕಿದ್ದು ನಾಲ್ಕೇ ಟ್ರ್ಯಾಕ್. ಮೂರು ತುಂಬಿದ ಮೇಲೆ ಅವನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಹಳೆಯ ಮೂರನ್ನು ಅಳಿಸಿ ಮುಂದೆ ಹೋಗಬೇಕಿತ್ತು. ವಾಪಸ್ ಬರುವ ದಾರಿಯೇ ಇರಲಿಲ್ಲ, ಹಾಗಾಗಿ ಕೇಳುವಾಗ ಕಿವಿಕೊಟ್ಟು ಕೇಳುತ್ತಿದ್ದರು. ನಮಗೆ ದಾರಿ ಇದೆ ಎಂದೇ ಕಿವಿ ಸಡಿಲವಾಗಿದೆ.

ನಾನು ಮಾಡುವುದು ಹೀಗೆ. ಕವಿತೆಯನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು ಎರಡು ಪ್ರತಿ ತೆಗೆಯುತ್ತೇನೆ. ಒಂದು ಹಾಡುವವರ ಸ್ಟ್ಯಾಂಡಿಗೆ, ಒಂದು ನನ್ನ ಕೈಗೆ. ಪ್ರತಿ ಸಾಲಿನ ಬಲಕ್ಕೆ 1, 2, 3 ಎಂದು ಮೂರು ಮನೆ. ಪಲ್ಲವಿ ಹಾಡುತ್ತಿರುವಾಗಲೇ ಪೆನ್ಸಿಲ್ ಓಡುತ್ತದೆ. ಸಾಲು ಚೆನ್ನಾಗಿ ಬಂತು, ಸರಿ ಗುರುತು. ಷಡ್ಜದಲ್ಲಿ ನಿಲ್ಲುವಾಗ ಸ್ವರ ಇಳಿಯಿತು, ಕೆಳಮುಖದ ಬಾಣ. ‘ಹ’ಕಾರ ಮೈಕಿಗೆ ಊದಿತು, ಒಂದು ಚುಕ್ಕೆ. ಮೂರು ಸಲ ಪೂರ್ತಿ ಹಾಡಿದ ಮೇಲೆ ಹಾಳೆ ನೋಡಿದರೆ ಹೆಚ್ಚುಕಡಿಮೆ ಎಲ್ಲ ಸಾಲಿಗೂ ಎಲ್ಲಾದರೂ ಒಂದು ಕಡೆ ಸರಿ ಗುರುತು ಇರುತ್ತದೆ. ಇಲ್ಲದ ಸಾಲನ್ನು ಮಾತ್ರ, ಅದರ ಹಿಂದಿನ ಸಾಲಿನಿಂದ ಎತ್ತಿಕೊಂಡು ಮತ್ತೊಮ್ಮೆ ಹಾಡಿಸುತ್ತೇನೆ. ಹಾಡಿದವರು ಇನ್ನೂ ಕೋಣೆಯಲ್ಲಿರುವಾಗಲೇ, ಬಿಸಿನೀರು ಕುಡಿಯುತ್ತಿರುವಾಗಲೇ, ಆ ಹಾಳೆ ಹಿಡಿದು ತುಂಡುಗಳನ್ನು ಜೋಡಿಸಿ ಅವರಿಗೆ ಕೇಳಿಸುತ್ತೇನೆ. ಹದಿನೈದು ನಿಮಿಷದ ಕೆಲಸ. ರೀಪರ್ 7 ಬಂದ ಮೇಲೆ ಟ್ರ್ಯಾಕಿನ ಒಳಗೇ ಲೇನ್‌ಗಳು ಬಂದಿವೆ. ಬೇಕಾದ ಟೇಕಿನ ಮೇಲೆ ಮೌಸ್ ಎಳೆದರೆ ಆ ಭಾಗ ಆಯ್ಕೆಯಾಗುತ್ತದೆ, ಜೋಡಣೆ ಇನ್ನೂ ಸಲೀಸು. ಅವರು ಒಪ್ಪಿಕೊಂಡರೆ ಅಲ್ಲಿಗೆ ಗಾಯನ ಮುಗಿಯಿತು. ಜೋಡಿಸಿದ್ದನ್ನು ಒಂದು ಫೈಲಾಗಿ ಅಂಟಿಸಿ, ಉಳಿದ ಟೇಕುಗಳ ಲೇನನ್ನು ಮುಚ್ಚಿ. ಮತ್ತೆ ತೆರೆಯಬಾರದು.

ಮೂರೇ ಸಲ ಸಾಕಾ ಎಂದು ಕೇಳಬಹುದು. ನನ್ನ ಅನುಭವದಲ್ಲಿ ಭಾವ ಎರಡನೆಯ ಸಲ ತುಂಬಿ ಬರುತ್ತದೆ. ಆರನೆಯದರ ಹೊತ್ತಿಗೆ ಸ್ವರ ನಿಖರವಾಗಿರುತ್ತದೆ, ಕವಿತೆ ಹೊರಟುಹೋಗಿರುತ್ತದೆ.

ತಾಳದ ವಿಷಯದಲ್ಲಿ ತಂತ್ರಾಂಶಗಳು ನಮ್ಮನ್ನು ಕೇಳದೆಯೇ ಒಂದು ತೀರ್ಮಾನ ಮಾಡಿಟ್ಟಿರುತ್ತವೆ: ನಾಲ್ಕರ ಎಣಿಕೆ, ನಿಮಿಷಕ್ಕೆ 120 ಪೆಟ್ಟು. ದಾದ್ರಾದಲ್ಲಿ ಆರು ಮಾತ್ರೆ, ರೂಪಕ್‌ನಲ್ಲಿ ಏಳು. ಖಂಡಛಾಪು ಐದು, ಮಿಶ್ರಛಾಪು ಏಳು, ಝಂಪೆ ಹತ್ತು. ಏಳರ ಹಾಡನ್ನು ಪರದೆಯ ನಾಲ್ಕರ ಗೆರೆಗಳ ಮೇಲೆ ಕೂರಿಸಿದರೆ ಏಳು ಗೆರೆಗೆ ಒಂದು ಮಾತ್ರ ಸಮದ (ಆವರ್ತದ ಮೊದಲ ಪೆಟ್ಟಿನ) ಮೇಲೆ ಬೀಳುತ್ತದೆ, ತಬಲಾದ ಒಂದು ಆವರ್ತವನ್ನು ಎತ್ತಿ ಇನ್ನೊಂದೆಡೆ ಇಡಲು ಹೋದರೆ ಪ್ರತಿ ಸಲ ಕಣ್ಣಳತೆಯಲ್ಲಿ ಜರುಗಿಸಬೇಕು. ಶುರುವಿನಲ್ಲೇ 7/8 ಎಂದು ಹಾಕಿ, ವೇಗವನ್ನು ಹಾಡುವವರ ಬಾಯಿಂದಲೇ ತಟ್ಟಿ ತಗೊಳ್ಳಿ. ಆಗ ಒಂದು ಗೆರೆ ಒಂದು ಆವರ್ತ, ಕತ್ತರಿಸುವುದೂ ಅಂಟಿಸುವುದೂ ಕಣ್ಣುಮುಚ್ಚಿ ಆಗುತ್ತದೆ. ದೇವರನಾಮಕ್ಕೂ ಇದೇ. ಆದರೆ ತಾಳಮದ್ದಳೆಗೆ ಕ್ಲಿಕ್ (ತಂತ್ರಾಂಶ ಬಾರಿಸುವ ಲಯದ ಟಿಕ್‌ಟಿಕ್) ಬೇಡವೇ ಬೇಡ, ಅಲ್ಲಿ ಲಯ ಭಾಗವತರ ಕೈಯ ತಾಳದ್ದು. ಗಮಕಕ್ಕಂತೂ ಗೆರೆಗಳೇ ಕಾಣದಂತೆ ಮಾಡಿಬಿಡಿ. ನಮ್ಮ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಂಥವರು ವಾಚಿಸುವ ಭಾಮಿನಿ ಷಟ್ಪದಿಗೆ ತಾಳದ ಕಟ್ಟಿಲ್ಲ, ನಿಲುಗಡೆ ಅರ್ಥದ ಮೇಲೆ ನಿಂತಿರುತ್ತದೆ. ಸ್ನ್ಯಾಪ್ (ಕತ್ತರಿಸುವ ಜಾಗವನ್ನು ಹತ್ತಿರದ ಗೆರೆಗೆ ತಾನೇ ಎಳೆದುಕೊಳ್ಳುವ ಸೌಲಭ್ಯ) ಹಾಕಿಕೊಂಡು ಎಡಿಟ್ ಮಾಡಿದರೆ ಎರಡು ಸಾಲಿನ ನಡುವಿನ ಉಸಿರು ಅರ್ಧ ಕತ್ತರಿಸಿಹೋಗುತ್ತದೆ. ಆಲ್ಟ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಸ್ನ್ಯಾಪ್ ಆರುತ್ತದೆ.

ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನು ಎಲ್ಲರೂ ಮೊದಲು ಹೇಳುತ್ತಾರೆ, ನಾನು ಕೊನೆಗೆ ಹೇಳುತ್ತಿದ್ದೇನೆ. ಪಟ್ಟಿ ಬಾಯಿಪಾಠ ಮಾಡಬೇಡಿ. ಒಂದೇ ದಿನ ಒಂದೇ ಮೆನುವಿಗೆ ಮೂರು ಸಲ ಹೋದಿರಿ ಎಂದಾದರೆ ಅದಕ್ಕೆ ಒಂದು ಕೀಲಿ ಬೇಕು ಎಂದರ್ಥ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಆ್ಯಕ್ಷನ್ ಪಟ್ಟಿ ತೆರೆಯುತ್ತದೆ, ಅಲ್ಲಿ ಹುಡುಕಿ ಕೀಲಿ ಕಟ್ಟಿ. ಎರಡು ಮೂರು ಕೆಲಸ ಯಾವಾಗಲೂ ಒಂದರ ಹಿಂದೆ ಒಂದು ಬರುತ್ತಿದ್ದರೆ ಅವನ್ನು ಸೇರಿಸಿ ಒಂದೇ ಆ್ಯಕ್ಷನ್ ಮಾಡಬಹುದು. ಮೇಲೆ ಹೇಳಿದ ‘ಹಾರು, ಕತ್ತರಿಸು’ ನನ್ನಲ್ಲಿ ಒಂದೇ ಕೀಲಿಗೆ ಕೂತಿದೆ. ಹತ್ತು ಹನ್ನೆರಡು ಕೀಲಿ ಕೈಗೆ ಹತ್ತಿದರೆ ನಿಮ್ಮ ಕೆಲಸಕ್ಕೆ ಯಥೇಚ್ಛ.

ಮಿಕ್ಸ್‌ಗೆ ಗಡಿಯಾರ ಇಡಿ. ಧ್ವನಿಯನ್ನು ಮಾತಾಡುವ ಮಟ್ಟಕ್ಕೆ ಇಳಿಸಿ, ಮೊದಲು ಫೇಡರ್‌ಗಳಿಂದಲೇ ಹದ ಮಾಡಿ, ಪ್ಲಗಿನ್ ಆಮೇಲೆ. ನಲವತ್ತು ನಿಮಿಷಕ್ಕೊಮ್ಮೆ ಎದ್ದು ಹೊರಗೆ ಬನ್ನಿ. ಎರಡು ಗಂಟೆಯಲ್ಲಿ ಒಂದು ಹಾಡು ನಿಲ್ಲಬೇಕು, ಮರುದಿನ ಬೆಳಿಗ್ಗೆ ಫೋನಿನಲ್ಲಿ ಒಮ್ಮೆ, ಕಾರಿನಲ್ಲಿ ಒಮ್ಮೆ ಕೇಳಿ. ಕೇಳುವಾಗ ಕೈ ಕಟ್ಟಿ ಕೂತು ತಪ್ಪುಗಳನ್ನು ಕಾಗದದ ಮೇಲೆ ಬರೆಯಿರಿ, ಬರೆದದ್ದನ್ನಷ್ಟೇ ತಿದ್ದಿ ಮುಚ್ಚಿ. ಅಂತಿಮ ಮಟ್ಟದ ಬಗ್ಗೆಯೂ ಕಾದಾಡಬೇಡಿ. ಯೂಟ್ಯೂಬ್, ಸ್ಪಾಟಿಫೈ ಎರಡೂ ಗಡಿಯಾಗಿ ಇಟ್ಟುಕೊಂಡಿರುವುದು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ) ಆಸುಪಾಸು. ಅದಕ್ಕಿಂತ ಜೋರಾಗಿ ಮಾಡಿದ್ದನ್ನು ಅವೇ ಇಳಿಸುತ್ತವೆ. ತುದಿ ಮೈನಸ್ 1 ಡೆಸಿಬೆಲ್ ದಾಟದಿರಲಿ.

ಮಲೆನಾಡಿನಲ್ಲಿ ಕೂತವರಿಗೆ ಇನ್ನೊಂದಿಷ್ಟು ಇದೆ. ನಮ್ಮ ದಿನಚರಿ ಮಾಡುವುದು ಮಳೆ, ತಂತ್ರಾಂಶ ಅಲ್ಲ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಯಾವ ಮೈಕೂ ಕೆಲಸಕ್ಕೆ ಬಾರದು. ಬೇಸಿಗೆಯಲ್ಲಿ ಜೀರುಂಡೆಯ ಸದ್ದು ಗಾಯನದ ಸ್ಪಷ್ಟತೆ ಇರುವ ಜಾಗದಲ್ಲೇ ಕೂರುತ್ತದೆ, ತೆಗೆಯಲು ಹೋದರೆ ಸ, ಶ, ಷ ಎಲ್ಲ ಮೊಂಡಾಗುತ್ತವೆ. ನಿಮ್ಮ ಕೋಣೆ ಯಾವ ಹೊತ್ತಿಗೆ ಸುಮ್ಮನಿರುತ್ತದೆ ಎಂದು ಒಂದು ವಾರ ಗಮನಿಸಿ ಬರೆದಿಡಿ, ಹಾಡಿಸುವ ಕೆಲಸವನ್ನು ಆ ಹೊತ್ತಿಗೇ ಮೀಸಲಿಡಿ, ಮಳೆ ಹೊಡೆಯುವಾಗ ಹೆಡ್‌ಫೋನ್ ಹಾಕಿ ಎಡಿಟ್ ಮಾಡಿ. ಪ್ರತಿ ರೆಕಾರ್ಡಿಂಗಿನ ಮೊದಲು ಎಲ್ಲರೂ ಸುಮ್ಮನಿರುವ ಹತ್ತು ಸೆಕೆಂಡ್ ಹಿಡಿದಿಟ್ಟುಕೊಳ್ಳಿ. ರೀಪರ್ ಜೊತೆಗೇ ಬರುವ ರಿಯಾಫರ್‌ಗೆ ಅದನ್ನು ಕೇಳಿಸಿದರೆ ಕೋಣೆಯ ಸದ್ದಿನ ಗುರುತು ಹಿಡಿದು ಸ್ವಲ್ಪ ಕಳೆದುಕೊಡುತ್ತದೆ. ಸ್ವಲ್ಪ ಮಾತ್ರ ಕಳೆಯಿರಿ.

ಕಂಡೆನ್ಸರ್ ಮೈಕಿಗೆ ತೇವ ಆಗದು. ಮಳೆಗಾಲದಲ್ಲಿ ಸ್ಟ್ಯಾಂಡಿನ ಮೇಲೇ ಬಿಟ್ಟರೆ ಒಳಗಿಂದ ಚಿಟಚಿಟ ಸದ್ದು ಶುರುವಾಗುತ್ತದೆ, ನೀವು ಅದನ್ನು ಕಂಪ್ಯೂಟರಿನ ತೊಂದರೆ ಎಂದುಕೊಂಡು ಬಫರ್ ಬದಲಿಸುತ್ತಾ ಕೂರುತ್ತೀರಿ. ಕೆಲಸ ಮುಗಿದ ಕೂಡಲೇ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಹಾಕಿ. ‘ಗುಂಯ್’ ಎನ್ನುವ ಸದ್ದು ಇದ್ದರೆ ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ಅರ್ಥಿಂಗಿನದು, 50 ಹರ್ಟ್ಸ್ ಕರೆಂಟಿನದು. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ, ಅಲ್ಲಿಯ ತನಕ ಹಾಡಿಸುವಾಗ ಬ್ಯಾಟರಿಯ ಮೇಲೆ ನಡೆಸಿ. ಯುಎಸ್‌ಬಿಯಿಂದಲೇ ನಡೆಯುವ ಇಂಟರ್ಫೇಸ್ ಆದರೆ ಕರೆಂಟ್ ಹೋದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಆಟೋಸೇವ್ ಐದು ನಿಮಿಷಕ್ಕೆ ಇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ತಕ್ಷಣ ಪ್ಲಗ್ ಎಲ್ಲ ಕಿತ್ತಿಡಿ, ಮಳೆಗೆ ಕಾಯಬೇಡಿ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂದೆ ಒಬ್ಬ ಹಿರಿಯ ಗಮಕಿಯವರ ವಾಚನವನ್ನು ಎರಡು ದಿನ ಕೂತು ಹಿಡಿದಿದ್ದೆ. ಒಂದೇ ಡಿಸ್ಕಿನಲ್ಲಿತ್ತು. ಮುಂದಿನ ವಾರ ಇನ್ನೊಂದು ಪ್ರತಿ ಮಾಡೋಣ ಎಂದುಕೊಂಡೆ, ಆ ವಾರ ಬರುವ ಮೊದಲೇ ಡಿಸ್ಕ್ ತಿರುಗುವುದು ನಿಲ್ಲಿಸಿತು. ಮತ್ತೆ ವಾಚಿಸಿಕೊಳ್ಳೋಣ ಎನ್ನುವಷ್ಟರಲ್ಲಿ ಅವರೇ ಇರಲಿಲ್ಲ. ಅವರ ಮನೆಯವರು ಈಗಲೂ ಸಿಕ್ಕಾಗ ಆ ರೆಕಾರ್ಡಿಂಗ್ ಬಗ್ಗೆ ಕೇಳುವುದಿಲ್ಲ, ನನಗೆ ನೋವಾದೀತು ಎಂದು. ಎರಡು ಗೆರೆ, ಮೂರು ಗಂಟೆ, 24 ಬಿಟ್, 48 ಕಿಲೋಹರ್ಟ್ಸ್ ಎಂದರೆ ಸುಮಾರು 3.1 ಜಿಬಿ. ಪೆನ್‌ಡ್ರೈವಿಗೆ ನಕಲಾಗಲು ಊಟ ಮಾಡುವಷ್ಟು ಹೊತ್ತೂ ಬೇಡ. ರೆಕಾರ್ಡಿಂಗ್ ಮುಗಿದ ಜಗಲಿಯಲ್ಲೇ ಒಂದು ಪ್ರತಿ, ಮನೆಯ ಬೇರೆ ಡಿಸ್ಕಿನಲ್ಲಿ ಇನ್ನೊಂದು, ಊರಾಚೆಯ ನಂಟರ ಮನೆಯಲ್ಲೋ ಕ್ಲೌಡಿನಲ್ಲೋ ಮೂರನೆಯದು. ನೆಟ್ ನಿಧಾನವಾಗಿದ್ದರೆ ಫ್ಲ್ಯಾಕ್ ಮಾಡಿ ರಾತ್ರಿ ಅಪ್‌ಲೋಡ್‌ಗೆ ಬಿಡಿ. ಗುಣಮಟ್ಟ ಕೂದಲೆಳೆಯಷ್ಟೂ ಹೋಗದೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಪ್ರಾಜೆಕ್ಟ್ ಉಳಿಸುವಾಗ ಧ್ವನಿ ಫೈಲುಗಳನ್ನೂ ಅದೇ ಫೋಲ್ಡರಿಗೆ ನಕಲಿಸುವ ಆಯ್ಕೆಯನ್ನು ಟಿಕ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಬ್ಯಾಕಪ್‌ನಲ್ಲಿ ಪ್ರಾಜೆಕ್ಟ್ ಇರುತ್ತದೆ, ಹಾಡು ಇರುವುದಿಲ್ಲ.

ತಂತ್ರಾಂಶ ಬದಲಿಸುವ ಮಾತಿಗೆ: ಕ್ಯೂಬೇಸ್, ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೋ ಎಲ್ಲವೂ ಒಳ್ಳೆಯವೇ. ಲಾಜಿಕ್ ಬೇಕೆಂದರೆ ಆ್ಯಪಲ್ ಯಂತ್ರವೇ ಬೇಕು. ಆದರೆ ಬದಲಿಸಿದ ಮೊದಲ ಮೂರು ತಿಂಗಳು ನೀವು ಕೀಲಿ ಹುಡುಕುತ್ತೀರಿ, ಹಾಡು ಮಾಡುವುದಿಲ್ಲ. ಲೂಪ್‌ಗಳನ್ನು ಕಟ್ಟಿ ಸಂಗೀತ ಮಾಡುವವರಾಗಿದ್ದರೆ ಬೇರೆ ಮಾತು, ಮನುಷ್ಯರು ಕೂತು ಹಾಡುವುದನ್ನು ಹಿಡಿಯುವ ನಿಮ್ಮ ಕೆಲಸಕ್ಕೆ ರೀಪರ್ ಸರಿಯಾಗಿದೆ. ಹಣ ಹಾಕಲೇಬೇಕೆಂದಿದ್ದರೆ ಮೊದಲು ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ರ‍್ಯಾಮ್ 16 ಜಿಬಿ ಮಾಡಿಸಿ. ರೀಪರ್‌ನ 60 ದಿನದ ಪರೀಕ್ಷಾ ಅವಧಿ ಮುಗಿದಿದ್ದು ಇನ್ನೂ ಲೈಸೆನ್ಸ್ ತಗೊಂಡಿಲ್ಲದಿದ್ದರೆ ನಿಮ್ಮಂಥ ಸಣ್ಣ ಬಳಕೆದಾರರಿಗೆ 60 ಡಾಲರ್ ದರ ಇದೆ, ಅದನ್ನು ಕಟ್ಟಿಬಿಡಿ. ಇಷ್ಟರ ಮೇಲೂ ದುಡ್ಡು ಮಿಕ್ಕರೆ ಹಾಡುವವರಿಗೆ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳಿ, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಶ್ರುತಿಯ ಸದ್ದು ಮೈಕಿಗೆ ಸೋರದಂಥದ್ದು.